ಮೊದಲ ಏಟಿಗೆ ಎರಡು ಡಾಲರ್

ಇದನ್ನು ಎಡಗೈಯ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ಬಲಗೈ ಮಣಿಕಟ್ಟಿಗೆ ಪಟ್ಟಿ ಬಿಗಿದಿದೆ. ಕಚೇರಿಯಲ್ಲಿ ಕೇಳಿದವರಿಗೆಲ್ಲ ಟೆನಿಸ್ ಆಡುವಾಗ ಉಳುಕಿತು ಎಂದಿದ್ದೇನೆ. ಕುಂಬಳಕಾಯಿಗೆ ಏಟು ಹಾಕಿ ಹೀಗಾಯಿತು ಎಂದರೆ ನಂಬುವವರು ಯಾರು? ಅದೂ ಒಂದೆರಡಲ್ಲ, 37 ಕುಂಬಳಕಾಯಿ.

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಮೂಲೆಯ ಊರೊಂದರಲ್ಲಿ. ಒಂದು ಚರ್ಚು, ಒಂದು ಗ್ರಂಥಾಲಯ, ಒಂದು ಪೆಟ್ರೋಲ್ ಬಂಕ್, ಹುಲ್ಲುಹಾಸಿನ ನಡುವೆ ಬ್ಯಾಂಡ್ ಬಾರಿಸುವ ಮಂಟಪ, ಅಷ್ಟಕ್ಕೆ ಊರು ಮುಗಿಯಿತು. ಕರಿಬೇವು ಬೇಕೆಂದರೆ ನ್ಯಾಶುವಾದವರೆಗೆ ಕಾರು ಓಡಿಸಬೇಕು. ಅಕ್ಟೋಬರ್ ಕೊನೆಯ ವಾರ, ಹ್ಯಾಲೋವೀನ್ ಹಬ್ಬದ ಹೊತ್ತಿಗೆ, ಊರವರೆಲ್ಲ ಸೇರಿ ಕುಂಬಳಕಾಯಿಗೆ ಕಣ್ಣು, ಮೂಗು, ಹಲ್ಲು ಕೊರೆದು, ಒಳಗೆ ದೀಪವಿಟ್ಟು, ಕೂಡಿದ ಹಣವನ್ನು ಬಡವರ ದಿನಸಿ ಭಂಡಾರಕ್ಕೆ ಕೊಡುತ್ತಾರೆ. ನಮಗೆ ಹತ್ತಿರದ ಕೀನ್ ಪಟ್ಟಣದವರು 2013ರಲ್ಲಿ 30,581 ಕುಂಬಳಕಾಯಿಗಳಿಗೆ ದೀಪ ಹಚ್ಚಿ ವಿಶ್ವದಾಖಲೆ ಬರೆದಿದ್ದರು. ಮರುವರ್ಷ ಹಬ್ಬದ ದಿನವೇ ಕಾಲೇಜಿನ ಸುತ್ತ ಹುಡುಗರ ದೊಂಬಿಯಾಗಿ ಪೊಲೀಸರು ಅಶ್ರುವಾಯು ಸಿಡಿಸಬೇಕಾಯಿತು. ನಮ್ಮದು ಇನ್ನೂರು ಕಾಯಿಯ ಹಬ್ಬ. ದೊಂಬಿ ಎಬ್ಬಿಸಲು ಬೇಕಾದಷ್ಟು ಹುಡುಗರೇ ಇಲ್ಲಿಲ್ಲ.

ಇಲ್ಲಿರುವುದು ಹಬ್ಬದ ಅಧ್ಯಕ್ಷೆ. ಎಪ್ಪತ್ತು ದಾಟಿದ, ಕಿತ್ತಳೆ ಬಣ್ಣದ ಸ್ವೆಟರಿನ, ಬಹಳ ಒಳ್ಳೆಯ ಹೆಂಗಸು. ಆಕೆಯ ಎಲ್ಲ ಮಾತೂ 'ಎಲ್ಲವೂ ಒಳ್ಳೆಯ ಕೆಲಸಕ್ಕೆ' ಎಂಬಲ್ಲಿ ಕೊನೆಯಾಗುತ್ತದೆ. ಕಾರು ನಿಲ್ಲಿಸಿದರೆ ಐದು ಡಾಲರ್, ಎಲ್ಲವೂ ಒಳ್ಳೆಯ ಕೆಲಸಕ್ಕೆ. ಕಾಯಿಗೆ ಹತ್ತು, ಆಟಿಕೆಯಂತಿರುವ ಗರಗಸದ ಬಾಡಿಗೆ ಎರಡು. ಹೋದ ವರ್ಷ ಆ ಗರಗಸ ಜಾರಿ ನನ್ನ ಹೆಬ್ಬೆರಳು ಕೊಯ್ದುಕೊಂಡಾಗ ಆಕೆ ಓಡಿ ಬಂದು, 'ಅಯ್ಯೋ ಪಾಪ' ಎಂದು ಬ್ಯಾಂಡೇಜು ಸುತ್ತಿ, ಅದಕ್ಕೆ ಐವತ್ತು ಸೆಂಟ್ ಇಸಿದುಕೊಂಡಿದ್ದರು. ಚಿಲ್ಲರೆ ಇಲ್ಲವೆಂದು ಒಂದು ಡಾಲರ್ ಕೊಟ್ಟೆ. ಉಳಿದದ್ದು ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಒಳ್ಳೆಯ ಕೆಲಸ ಎಂದಮೇಲೆ ಬಾಯಿ ಬಿಡುವಂತಿಲ್ಲ. ಚೌಕಾಸಿಗೆ ಇಳಿದವನೇ ಬಡವರ ತಟ್ಟೆಗೆ ಕೈ ಹಾಕಿದ ಕುಂಬಳಕಾಯಿ ಕಳ್ಳ.

ಈ ವರ್ಷ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದಳು.

ಹಬ್ಬಕ್ಕೆ ನಾಲ್ಕು ದಿನ ಮೊದಲೇ ಮಗಳು ಅಭ್ಯಾಸಕ್ಕೆಂದು ಒಂದು ಕಾಯಿ ಕೆತ್ತಿ ಬಾಗಿಲಲ್ಲಿ ಇಟ್ಟಳು. ಅಮ್ಮನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಕಡೆ ಹೊಸ ಮನೆಗೆ ದೃಷ್ಟಿ ತಗಲದಿರಲೆಂದು ಬೂದುಗುಂಬಳಕ್ಕೆ ಕೋರೆಹಲ್ಲು, ಮೀಸೆ ಬರೆದು ತೂಗು ಹಾಕುವುದಿಲ್ಲವೇ, ಹಾಗೆಯೇ ಇದೂ ಎಂದುಕೊಂಡಳು. ಮರುದಿನ ಬೆಳಿಗ್ಗೆ ನೋಡಿದರೆ ಅಳಿಲು ಮೂಗನ್ನು ತಿಂದು ಹಾಕಿತ್ತು. ಅಂಚಿಗೆ ಮೆಣಸಿನ ಪುಡಿ ಸವರಿದರೆ ಅಳಿಲು ಸುಳಿಯುವುದಿಲ್ಲ ಎಂದು ನೆರೆಯವರು ಹೇಳಿದರು. ಅಮ್ಮ ಊರಿನಿಂದ ತಂದಿದ್ದ ಪುಡಿಯನ್ನು ಧಾರಾಳವಾಗಿ ಸವರಿದೆ. ಮಾರನೆಯ ದಿನ ತುಟಿಯೂ ಇರಲಿಲ್ಲ. ಬೇಲಿಯ ಮೇಲೆ ಕುಳಿತಿದ್ದ ಅಳಿಲಿನ ಮೂತಿ ಮಾತ್ರ ಕುಂಕುಮ ಹಚ್ಚಿದಂತೆ ಕೆಂಪಗಿತ್ತು. 'ಬ್ಯಾಡಗಿ ಮೆಣಸು ಬಣ್ಣಕ್ಕಷ್ಟೇ ಕಣೋ. ಗುಂಟೂರು ಹಾಕಬೇಕಿತ್ತು' ಎಂದಳು ಅಮ್ಮ.

ಶನಿವಾರ ಮಂಟಪದ ಸುತ್ತ ಉದ್ದನೆಯ ಮೇಜುಗಳು. ಸೀರೆಯ ಮೇಲೆ ನನ್ನ ಜಾಕೆಟ್ ತೊಟ್ಟು ನಿಂತಿದ್ದ ಅಮ್ಮ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು. 'ನೋಡೋ, ಆ ಹುಡುಗಿ ಇಡೀ ಕಾಯಿಗೆ ಕತ್ತಿ ಹಾಕುತ್ತಿದ್ದಾಳೆ!' ಹಾಕದೆ ಮತ್ತೇನು ಮಾಡಿಯಾಳು ಎಂದೆ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯುವುದಿಲ್ಲ. ಮೊದಲ ಏಟು ಗಂಡಸರದು, ಆಮೇಲಿನ ನೂರು ಏಟು ಹೆಂಗಸರದು. ಈ ಹುಡುಗಿ ಸಾಲದ್ದಕ್ಕೆ ತುಂಬು ಬಸುರಿ. ಅಮ್ಮ ನನ್ನನ್ನು ದರದರನೆ ಎಳೆದುಕೊಂಡು ಹೋಗಿ, ಆಕೆಯ ಕೈಯಿಂದ ನಯವಾಗಿ ಗರಗಸ ತೆಗೆದು ನನ್ನ ಕೈಯಲ್ಲಿಟ್ಟಳು. ನಾನು ನಾಚಿಕೆಯಿಂದ ಹಿಡಿಯಾಗಿ, ಇದು ನಮ್ಮ ಕಡೆಯ ಪದ್ಧತಿ, ಮಗುವಿಗೆ ಶುಭ ಎಂದೇನೋ ತೊದಲಿ, ತೊಟ್ಟಿನ ಬಳಿ ಒಂದು ಗೀರು ಎಳೆದೆ. ಹುಡುಗಿಯ ಕಣ್ಣು ತುಂಬಿ ಬಂತು. ಅಮ್ಮನನ್ನು ತಬ್ಬಿಕೊಂಡಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಿತ್ತಳೆ ಸ್ವೆಟರು ಅಲ್ಲೇ ಹಿಂದೆ ನಿಂತಿತ್ತು. ಹತ್ತೇ ನಿಮಿಷದಲ್ಲಿ ರಟ್ಟಿನ ಮೇಲೆ ದಪ್ಪಕ್ಷರದ ಬರಹ ಸಿದ್ಧವಾಯಿತು: 'ಭಾರತದ ಶುಭದ ಏಟು, ಎರಡು ಡಾಲರ್.' ಅದನ್ನು ಅಮ್ಮನ ಕೈಗೇ ಕೊಟ್ಟು ನಿಲ್ಲಿಸಿದರು. ಇಂಗ್ಲಿಷಿನ ಗಂಧವಿಲ್ಲದ ಅಮ್ಮ ಅದನ್ನು ಅಮ್ಮನವರ ಫೋಟೋ ಹಿಡಿದಂತೆ ಎದೆಗೆ ಹಿಡಿದು ನಿಂತಳು. ಸಾಲು ಬೆಳೆಯಿತು. ಶಾಲೆಯ ಮೇಷ್ಟರು, ಅಗ್ನಿಶಾಮಕ ದಳದ ಇಬ್ಬರು, ಚರ್ಚಿನ ಪಾದ್ರಿ. ಗಂಡಸರ ಕಾಯಿಗೆ ಬೇರೆ ಗಂಡಸಿನ ಏಟು ಬೇಕಿಲ್ಲ ಎಂದು ಶಾಸ್ತ್ರ ವಿವರಿಸಲು ಹೋದರೆ ಅಧ್ಯಕ್ಷೆ ತುಟಿಯ ಮೇಲೆ ಬೆರಳಿಟ್ಟರು. ಯಾಕೆಂದು ನಿಮಗೆ ಗೊತ್ತು.

ಮುಚ್ಚಳವನ್ನು ಓರೆಯಾಗಿ ಕೊಯ್ಯಬೇಕು, ನೆಟ್ಟಗೆ ಕೊಯ್ದರೆ ಅದು ಒಳಕ್ಕೇ ಬೀಳುತ್ತದೆ ಎಂಬುದು ಐದನೆಯ ಕಾಯಿಗೆ ತಿಳಿಯಿತು. ಅಷ್ಟರಲ್ಲಿ ಶುಭದ ಏಟು ಎಂದರೆ ಬರೀ ಗೀರಲ್ಲ, ಪೂರ್ತಿ ಮುಚ್ಚಳ ಎಂದು ಜನ ತಾವೇ ತೀರ್ಮಾನಿಸಿಯಾಗಿತ್ತು. ಹದಿನೈದಕ್ಕೆ ಬೆರಳು ಜೋಮು ಹಿಡಿಯಿತು. ಇಪ್ಪತ್ತಕ್ಕೆ ಅಮ್ಮ 'ಮೆಟ್ಟುಗತ್ತಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಊರಿನದೆಲ್ಲ ಮುಗಿಯುತ್ತಿತ್ತು' ಎಂದಳು. ಮೂವತ್ತಕ್ಕೆ ನನಗೆ ಐರಿಷರ ಮೇಲೆ ಸಿಟ್ಟು ಬಂತು. ಅವರು ತಮ್ಮೂರಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರು, ಅಮೆರಿಕಕ್ಕೆ ಬಂದು ಕುಂಬಳಕಾಯಿಗೆ ಗಂಟುಬಿದ್ದರು. ಗೆಡ್ಡೆಯಲ್ಲೇ ತೃಪ್ತಿಯಿಂದ ಇದ್ದಿದ್ದರೆ ನನ್ನ ಕೈ ಉಳಿಯುತ್ತಿತ್ತು.

ಅತ್ತ ಅಮ್ಮನ ಕಣ್ಣು ಮೇಜಿನ ಕೆಳಗಿನ ಬಕೆಟ್ಟುಗಳ ಮೇಲೆ ಬಿದ್ದಿತ್ತು. ಕೆರೆದು ಹಾಕಿದ ತಿರುಳು, ಬೀಜ, ಎಲ್ಲವೂ ಹಂದಿ ಸಾಕುವವರಿಗೆ ಹೋಗುತ್ತದೆ ಎಂದೆ. 'ಹಸಿದವರಿಗೆ ದುಡ್ಡು ಕೂಡಿಸಲು ತಿನ್ನುವ ಕಾಯಿ ಚೆಲ್ಲುವುದೇ?' ಎಂದಳು. ಉತ್ತರ ತೋಚಲಿಲ್ಲ. ಎರಡು ಚೀಲ ತಿರುಳು ತುಂಬಿಕೊಂಡಳು. ಚೀಲಕ್ಕೆ ಒಂದು ಡಾಲರ್. ಕೆತ್ತಲೆಂದೇ ಬೆಳೆಸುವ ಈ ದೊಡ್ಡ ಕಾಯಿ ಬರೀ ನಾರು, ನೀರು. ಹುಳಿ ಮಾಡಿದರೆ ಸಪ್ಪೆ, ಗಾರಿಗೆ ಮಾಡಿದರೆ ಎಣ್ಣೆ ಕುಡಿಯಿತು. ಈಗಲೂ ನಮ್ಮ ಫ್ರೀಜರಿನಲ್ಲಿ ಐಸ್‌ಕ್ರೀಮಿಗೆ ಜಾಗವಿಲ್ಲ.

ಕತ್ತಲಾದ ಮೇಲೆ ಮಂಟಪದ ಮೆಟ್ಟಿಲ ಮೇಲೆಲ್ಲ ದೀಪ. ನಾನು ಕೈಗೆ ಮಂಜುಗಡ್ಡೆ ಒತ್ತಿಕೊಂಡು ಕೂತಿದ್ದೆ. ಊರಿನ ಮನೆಯಲ್ಲಿ ಮಳೆಗಾಲಕ್ಕೆಂದು ಅಟ್ಟದ ಜಂತಿಗೆ ಕಾಯಿಗಳನ್ನು ಬಳ್ಳಿಯಲ್ಲಿ ಕಟ್ಟಿ ತೂಗುಬಿಡುತ್ತಿದ್ದೆವು. ಅಮ್ಮ ಕೂಗಿದಾಗ ಅಪ್ಪ ಪತ್ರಿಕೆ ಮಡಚಿಟ್ಟು ಬಂದು, ಒಂದೇ ಒಂದು ಏಟು ಹಾಕಿ, ದೊಡ್ಡ ಕೆಲಸ ಮಾಡಿದವರಂತೆ ಮತ್ತೆ ಹೋಗಿ ಕೂರುತ್ತಿದ್ದರು. 'ಈಗ ಕಾಯಿ ಯಾರು ಒಡೆದು ಕೊಡುತ್ತಾರೆ?' ಎಂದು ಕೇಳಿದೆ. ಅಮ್ಮ ದೀಪಗಳನ್ನೇ ನೋಡುತ್ತಿದ್ದಳು. 'ಮೂರು ವರ್ಷದಿಂದ ಇಡೀ ಕಾಯಿ ತಂದೇ ಇಲ್ಲ. ಪೇಟೆಯಲ್ಲಿ ಹೋಳು ಸಿಗುತ್ತದಲ್ಲ, ಒಬ್ಬಳಿಗೆ ಅದೇ ಹೆಚ್ಚು' ಎಂದಳು.

ನಿನ್ನೆ ಅಧ್ಯಕ್ಷೆಯ ಪತ್ರ ಬಂದಿದೆ. ಶುಭದ ಏಟಿನಿಂದ ಬಂದದ್ದು 74 ಡಾಲರ್. ಮಣಿಕಟ್ಟಿನ ಪಟ್ಟಿಗೆ ನಾನು ತೆತ್ತದ್ದು 40. ಇದು ಯಾವ ಒಳ್ಳೆಯ ಕೆಲಸಕ್ಕೆ ಎಂದು ಪತ್ರದಲ್ಲಿ ಬರೆದಿಲ್ಲ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಇಡೀ ಕುಂಬಳಕಾಯಿಯೊಂದು ಕೂತಿತ್ತು. ಹಬ್ಬಕ್ಕೆ ಬರಲಾಗದ ಯಾರೋ ಇಟ್ಟು ಹೋಗಿರಬೇಕು. ತೊಟ್ಟಿಗೆ ರಬ್ಬರ್ ಬ್ಯಾಂಡಿನಲ್ಲಿ ಒಂದೊಂದು ಡಾಲರಿನ ಎರಡು ನೋಟು ಸಿಕ್ಕಿಸಿತ್ತು. ಬೇಲಿಯ ಮೇಲೆ ಅಳಿಲು ಕಾಯುತ್ತಿತ್ತು. ಸದ್ದಿಲ್ಲದೆ ಬಾಗಿಲು ಮುಚ್ಚೋಣವೆಂದು ತಿರುಗಿದರೆ, ಹಿಂದೆ ಅಮ್ಮ ಕತ್ತಿ ಹಿಡಿದು ನಿಂತಿದ್ದಳು.

'ಎಡಗೈಯಲ್ಲಾದರೂ ಹಾಕೋ' ಎಂದಳು.