ಫೋನಿನಲ್ಲೊಂದು ಬಾಣಂತನ

ಅಕ್ಕನ ಬಾಣಂತನಕ್ಕೆಂದು ಅಮ್ಮ ಹಾಸನಕ್ಕೆ ಹೋದ ನಾಲ್ಕನೆಯ ದಿನವೇ ನಮ್ಮ ಹಸು ಚುಕ್ಕಿ ಈಯಬೇಕೆ? ಗಬ್ಬ ಕಟ್ಟಲೆಂದು ಇಂಜೆಕ್ಷನ್ ಹಾಕಿಸಿದ ದಿನದಿಂದ 280 ದಿನ ಎಣಿಸಿ ಅಪ್ಪ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು. ಅದಕ್ಕೆ ಇನ್ನೂ ಒಂದು ವಾರವಿತ್ತು. ಚುಕ್ಕಿ ಕ್ಯಾಲೆಂಡರ್ ನೋಡುವವಳಲ್ಲ. ಬೆಳಗಿನ ಜಾವ ಹೆಣ್ಣುಗರು ಹಾಕಿ, ಅದರ ಮೈ ನೆಕ್ಕುತ್ತಾ, ಟಾರ್ಚ್ ಹಿಡಿದು ನಡುಗುತ್ತಿದ್ದ ನನ್ನನ್ನು 'ನಿನಗೇನು ಕೆಲಸ ಇಲ್ಲಿ' ಎಂಬಂತೆ ನೋಡಿದಳು.

ಅಮ್ಮನಿಗೆ ಫೋನ್ ಮಾಡಿದೆ. ಅತ್ತ ಕೂಸು ಅಳುತ್ತಿತ್ತು, ಇತ್ತ ಕರು. "ಬಿಸಿನೀರು ಕೊಡು. ಬೆಲ್ಲ ಹಾಕಿ ರಾಗಿ ಗಂಜಿ ಕಾಯಿಸು. ಮೆಣಸು, ಬೆಳ್ಳುಳ್ಳಿ ಜಜ್ಜಿ ಸಾರು ಮಾಡಿ, ಅದಕ್ಕೆ ಒಂದು ಚಮಚ ತುಪ್ಪ ಬಿಡಿ." ಅಷ್ಟನ್ನೂ ಬರೆದುಕೊಂಡೆ. ಸಾರು ಕುದಿದ ಮೇಲೆ ಗೊತ್ತಾಯಿತು, ಗಂಜಿಯವರೆಗಿನ ಮಾತು ಚುಕ್ಕಿಗೆ, ಸಾರಿನಿಂದಾಚೆಗಿನದು ಪಕ್ಕದಲ್ಲಿ ನಿಂತಿದ್ದ ಭಾವನಿಗೆ ಎಂದು. ಆ ಬಾಣಂತಿ ಸಾರನ್ನು ಅಪ್ಪನೂ ನಾನೂ ಎರಡು ದಿನ ಮುದ್ದೆಯ ಜೊತೆ ಮುಗಿಸಿದೆವು. ಇಬ್ಬರಿಗೂ ಶೀತ ಹತ್ತಿರ ಸುಳಿಯಲಿಲ್ಲ.

ಮೊದಲ ಹಾಲು ಕರುವಿಗೆ. ಹುಟ್ಟಿದ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಆ ಹಾಲಿನಿಂದ, ಅದೂ ಮೊದಲ ಕೆಲವು ಗಂಟೆಗಳಲ್ಲಿ ಕುಡಿದರೆ. ಹೊಟ್ಟೆ ತುಂಬಾ ಕುಡಿಸಿದ ಮೇಲೂ ಒಂದು ತಂಬಿಗೆಯಷ್ಟು ಉಳಿಯಿತು. ಡೈರಿಯಲ್ಲಿ ಈ ಹಾಲು ತೆಗೆದುಕೊಳ್ಳುವುದಿಲ್ಲ, ಕಾಯಿಸಿದರೆ ಗಟ್ಟಿಯಾಗುತ್ತದೆ. ಡೈರಿಗೆ ಬೇಡವಾದ ಆ ಗುಣವೇ ಗಿಣ್ಣಿಗೆ ಬಂಡವಾಳ. ಅಡುಗೆಮನೆಯ ಕಟ್ಟೆಯ ಮೇಲೆ ತಂಬಿಗೆ ಇಟ್ಟೆ. ಅದರ ಪಕ್ಕದಲ್ಲೇ ಅಂಥದೇ ತಂಬಿಗೆಯಲ್ಲಿ, ಅಂಥದೇ ತಟ್ಟೆ ಮುಚ್ಚಿಕೊಂಡು, ನಮ್ಮ ಇನ್ನೊಂದು ಹಸು ಗಂಗೆಯ ಹಾಲು ಕಾಫಿಗೆಂದು ಕುಳಿತಿತ್ತು. ಮದುವೆಗಳಲ್ಲಿ ಉಡುಗೊರೆಯಾಗಿ ಬಂದ ತಂಬಿಗೆಗಳು ನಮ್ಮ ಮನೆಯಲ್ಲಿ ಹನ್ನೊಂದಿವೆ, ಎಲ್ಲವೂ ಅವಳಿ ಜವಳಿ.

ಗಿಣ್ಣಿನ ಹೊಣೆ ಅಪ್ಪನದು. ಒಂದು ಪಾಲು ಗಿಣ್ಣುಹಾಲಿಗೆ ಮೂರು ಪಾಲು ಸಾದಾ ಹಾಲು, ಬೆಲ್ಲ, ಏಲಕ್ಕಿ. ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟು ಕಾದರು. ಅರ್ಧ ಗಂಟೆಯ ನಂತರ ಚಾಕು ಚುಚ್ಚಿ ನೋಡಿದರೆ ಬರೀ ನೀರು. ಇನ್ನರ್ಧ ಗಂಟೆ ಕಳೆದರೂ ಅದೇ. "ಬೆಂಕಿ ಸಾಲದು" ಎಂದರು. ಆಮೇಲೆ "ಬೆಲ್ಲ ಸರಿಯಿಲ್ಲ" ಎಂದರು. ಕೊನೆಗೆ ಚುಕ್ಕಿಯ ಮೇಲೆಯೇ ಅನುಮಾನ ಬಂದು ಕೊಟ್ಟಿಗೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರು.

ಅಷ್ಟರಲ್ಲಿ ದನದ ಡಾಕ್ಟರು ಬಂದರು. ಕರುವಿನ ಹಿಂದೆ ಬೀಳಬೇಕಾದ ಮಾಸು ಮಧ್ಯಾಹ್ನವಾದರೂ ಬಿದ್ದಿಲ್ಲ ಎಂದು ಹೇಳಿಕಳಿಸಿದ್ದೆವು. ಅವರ ಬೈಕಿನ ಸದ್ದು ಕೇಳಿದ ಕೂಡಲೇ ಅದು ತಾನಾಗಿ ಬಿತ್ತು. ಸುಮ್ಮನೆ ಬರಮಾಡಿಕೊಂಡೆವಲ್ಲ ಎಂಬ ಸಂಕೋಚಕ್ಕೆ ಕಾಫಿಯನ್ನಾದರೂ ಕೊಡಬೇಕಲ್ಲ. ಉಳಿದಿದ್ದ ತಂಬಿಗೆಯ ಹಾಲನ್ನು ಡಿಕಾಕ್ಷನ್, ಸಕ್ಕರೆ ಎಲ್ಲದರ ಜೊತೆ ಒಟ್ಟಿಗೇ ಒಲೆಗಿಟ್ಟೆ. ತಿರುವುತ್ತಿದ್ದ ಚಮಚ ಭಾರವಾಗತೊಡಗಿತು. ನೋಡನೋಡುತ್ತಿದ್ದಂತೆ ಪಾತ್ರೆಯ ತುಂಬಾ ಕಂದು ಬಣ್ಣದ ಗಡ್ಡೆಗಳು ಕಟ್ಟಿಕೊಂಡು, ಚಮಚ ಯಾರ ಆಸರೆಯೂ ಇಲ್ಲದೆ ನಿಂತಿತು. ಆಗ ನನಗೆ ಅಪ್ಪನ ಗಿಣ್ಣಿನ ಕಷ್ಟವೂ ಅರ್ಥವಾಯಿತು.

ಬೇರೆ ದಾರಿಯಿರಲಿಲ್ಲ. ಲೋಟದ ಬದಲು ತಟ್ಟೆಯಲ್ಲಿ ಹಾಕಿ, ಚಮಚ ಸಮೇತ ತಂದಿಟ್ಟೆ. ಡಾಕ್ಟರು ಒಮ್ಮೆ ತಟ್ಟೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಒಂದು ಚಮಚ ಬಾಯಿಗಿಟ್ಟು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ಸಕ್ಕರೆ ಒಂಚೂರು ಮುಂದು" ಎಂದು ಪೂರ್ತಿ ತಿಂದರು.

ಗಟ್ಟಿಯಾಗಲೊಪ್ಪದ ಅಪ್ಪನ ಬೆಲ್ಲದ ಹಾಲು ಸಂಜೆ ಚುಕ್ಕಿಯ ಗಂಜಿಗೆ ಸೇರಿತು. ಬಕೆಟ್ಟಿನ ತಳವನ್ನೂ ಬಿಡದೆ ನೆಕ್ಕಿದಳು. ರಾತ್ರಿ ಅಮ್ಮನ ಫೋನ್ ಬಂತು. "ಗಿಣ್ಣು ಗಟ್ಟಿಯಾಯಿತೇ?"

"ಕಲ್ಲಿನ ಹಾಗೆ," ಎಂದರು ಅಪ್ಪ, ನನ್ನ ಕಡೆ ನೋಡದೆ. "ಡಾಕ್ಟರೂ ತಿಂದು ಹೋದರು."