ಎಲ್ ಬೋರ್ಡ್ ಹಾಕಿಕೊಂಡ ಖಳನಾಯಕ

ಬ್ರಿಟನ್ನಿಗೆ ಸಿನಿಮಾ ಓದಲು ಹೋದ ಭಾರತೀಯ ಹುಡುಗನಿಗೆ ಸಹಪಾಠಿಗಳ ಕಿರುಚಿತ್ರಗಳಲ್ಲಿ ಸಿಗುವ ಪಾತ್ರ ಒಂದೇ. ಬೀದಿ ಮೂಲೆಯ ಅಂಗಡಿ ಮಾಲೀಕ. ಅದು ಕ್ರೈಮ್ ಸಿನಿಮಾ ಆಗಿದ್ದರೆ ಮೊದಲ ಎರಡು ನಿಮಿಷದಲ್ಲೇ ಅಂಗಡಿ ದರೋಡೆಯಾಗುತ್ತದೆ, ಆಮೇಲೆ ನಿಮಗೆ ಕೆಲಸವಿಲ್ಲ. ನ್ಯೂಕಾಸಲ್‌ನಲ್ಲಿ ಮಾಸ್ಟರ್ಸ್ ಮಾಡುವಾಗ ನನ್ನನ್ನು ಎಷ್ಟು ಸಲ ದೋಚಿದರೋ ಲೆಕ್ಕ ಇಟ್ಟಿಲ್ಲ. ಕೊನೆಗೆ ನಾನೇ ನಿರ್ದೇಶಿಸುವ ಸರದಿ ಬಂತು. ಬ್ರಿಟಿಷ್ ಕ್ರೈಮ್ ಸಿನಿಮಾನೇ ಮಾಡುತ್ತೇನೆ, ಆದರೆ ಅದರಲ್ಲಿ ಅಂಗಡಿ ಇರುವುದಿಲ್ಲ ಎಂದು ಆಗಲೇ ನಿರ್ಧರಿಸಿದ್ದೆ.

ಕಥೆ ಸರಳ. ಬಡ್ಡಿ ವಸೂಲಿ ಮಾಡುವ ವಯಸ್ಸಾದ ಗೂಂಡಾ ಒಬ್ಬ ಸಾಲಗಾರನನ್ನು ಎತ್ತಿಹಾಕಿಕೊಂಡು ಟೈನ್ ನದಿಯ ದಡಕ್ಕೆ ಬರುತ್ತಾನೆ, ಬೆದರಿಸುತ್ತಾನೆ, ಮುಗೀತು.

ಊರೇನೋ ಇದಕ್ಕೆ ಹೇಳಿ ಮಾಡಿಸಿದ್ದು. 1971ರ ಬ್ರಿಟಿಷ್ ಗೂಂಡಾ ಸಿನಿಮಾ 'ಗೆಟ್ ಕಾರ್ಟರ್' ಚಿತ್ರೀಕರಣ ನಡೆದದ್ದು ಇಲ್ಲೇ. ನದಿಯಾಚೆ ಗೇಟ್ಸ್‌ಹೆಡ್‌ನಲ್ಲಿದ್ದ ಬಹುಮಹಡಿ ಕಾರ್ ಪಾರ್ಕಿಂಗ್ ಕಟ್ಟಡದ ಮೇಲಿಂದ ಅದರ ನಾಯಕ ಮೈಕಲ್ ಕೇನ್ ಒಬ್ಬನನ್ನು ಕೆಳಗೆ ಎಸೆಯುತ್ತಾರೆ. ನಾವು ಭಕ್ತಿಯಿಂದ ಆ ಜಾಗ ನೋಡಲು ಹೋದೆವು. 2010ರಲ್ಲೇ ಕೆಡವಿಬಿಟ್ಟಿದ್ದರು. ಉಳಿದ ಕಾಂಕ್ರೀಟ್ ಚೂರುಗಳನ್ನು ಡಬ್ಬಿಯಲ್ಲಿ ತುಂಬಿ ಐದು ಪೌಂಡಿಗೆ ಮಾರಿದ್ದರಂತೆ. ಈಗ ಅಲ್ಲಿ ಟೆಸ್ಕೋ ಸೂಪರ್‌ಮಾರ್ಕೆಟ್ ಇದೆ. ಇಷ್ಟು ದೂರ ಬಂದು ಸುಮ್ನೆ ಹೋಗೋದು ಯಾಕೆ ಅಂತ ಕ್ಯಾಮೆರಾಮನ್ ಹಾಲು, ಬ್ರೆಡ್ ತಗೊಂಡ.

ಲಾಂಗು ಮಚ್ಚಿನ ಸಿನಿಮಾ ನೋಡಿ ಬೆಳೆದವನಿಗೆ ರೌಡಿಯ ಕೈ ಖಾಲಿ ಇದ್ದರೆ ಹೇಗೆ? ಪಿಸ್ತೂಲ್ ಅಂದೆ. ನಿರ್ಮಾಪಕಿ ಡರ್ಹಮ್ ಕಡೆಯ ಹುಡುಗಿ, ನಿಯಮ ಓದುವುದು ಅವಳಿಗೆ ಹವ್ಯಾಸ. ಅಲ್ಲಿ ಸರಿಯಾದ ಕಾರಣವಿಲ್ಲದೆ ನಕಲಿ ಪಿಸ್ತೂಲ್ ಹಿಡಿದು ರಸ್ತೆಗೆ ಬರುವುದೂ ಅಪರಾಧ. ಪೊಲೀಸರಿಗೆ ಮೊದಲೇ ತಿಳಿಸಬೇಕು, ಯಾರೋ ಗಾಬರಿಯಾಗಿ 999ಕ್ಕೆ ಫೋನ್ ಮಾಡಿದರೆ ಸಶಸ್ತ್ರ ಪಡೆ ಬಂದಿಳಿಯದ ಹಾಗೆ ನೋಡಿಕೊಳ್ಳಬೇಕು, ವಿಮೆ ಬೇಕು. ಇದೆಲ್ಲಕ್ಕೂ ಮೊದಲು ಕಾಲೇಜಿನ ರಿಸ್ಕ್ ಅಸೆಸ್‌ಮೆಂಟ್ ಫಾರ್ಮ್ ತುಂಬಬೇಕು. ಅದರಲ್ಲಿ ಅವಳು ಆಗಲೇ 'ಅಪಾಯ: ಬಿಸಿ ಚಹಾ' ಎಂದು ಬರೆದಿದ್ದಳು. ಪಿಸ್ತೂಲ್ ಬೇಡ, ಕ್ರಿಕೆಟ್ ಬ್ಯಾಟ್ ಸಾಕು ಎಂದುಬಿಟ್ಟೆ.

ನಮ್ಮ ಗೂಂಡಾ ನಿವೃತ್ತ ಮೇಷ್ಟ್ರು, ಹವ್ಯಾಸಿ ನಟ. ಬಂಡೆಯಂಥ ಮುಖ, ಸಮುದ್ರದಾಳದಿಂದ ಬಂದಂಥ ದನಿ. ನೋಡಿದರೆ ಸಾಲ ಮಾಡದವನೂ ದುಡ್ಡು ವಾಪಸ್ ಕೊಡಬೇಕು. ಆದರೆ ಸಹನಟನ ಕಾಲರ್ ಹಿಡಿದ ಪ್ರತಿ ಶಾಟ್ ಆದಮೇಲೂ "ಜಾಸ್ತಿ ಜೋರಾಗಿ ಹಿಡಿದೆನಾ?" ಎಂದು ವಿಚಾರಿಸುತ್ತಿದ್ದರು. ಒಂದೆರಡು ಸಲ ಶಾಟ್ ಮುಗಿಯುವ ಮೊದಲೇ ವಿಚಾರಿಸಿದರು.

ಕಾರ್ ಓಡಿಸುವ ದೃಶ್ಯದ ಹಿಂದಿನ ದಿನ ಅವರು ಸಂಕೋಚದಿಂದ ಒಂದು ವಿಷಯ ಹೇಳಿದರು. 1980ರಲ್ಲಿ ಊರಿಗೆ ಮೆಟ್ರೋ ಬಂದಮೇಲೆ ಕಾರ್ ಯಾಕೆ ಅಂತ ಸುಮ್ಮನಿದ್ದವರಂತೆ. ನಿವೃತ್ತಿಯಾದ ಮೇಲೆ ಈಗಷ್ಟೇ ಕಲಿಯುತ್ತಿದ್ದಾರೆ. ಇರುವುದು ಕಲಿಯುವವರ ಲೈಸೆನ್ಸ್.

ನಿರ್ಮಾಪಕಿ ಫೋನ್ ತೆಗೆದು ನಿಯಮ ಓದಿದಳು. ಕಾರಿನ ಹಿಂದೆ ಮುಂದೆ ಕೆಂಪು ಎಲ್ ಬೋರ್ಡ್ ಕಡ್ಡಾಯ. ಪಕ್ಕದ ಸೀಟಿನಲ್ಲಿ 21 ವರ್ಷ ದಾಟಿದ, ಕನಿಷ್ಠ ಮೂರು ವರ್ಷದಿಂದ ಲೈಸೆನ್ಸ್ ಇರುವ ಒಬ್ಬರು ಮೇಲ್ವಿಚಾರಕರಾಗಿ ಕೂರಬೇಕು. ನಮ್ಮ ತಂಡದಲ್ಲಿ ಅಂಥ ಅರ್ಹತೆ ಇದ್ದವನು ಒಬ್ಬನೇ. ಅಪಹರಣಕ್ಕೊಳಗಾಗುವ ಪಾತ್ರ ಮಾಡುತ್ತಿದ್ದ ಸ್ಕಾಟಿಷ್ ಪಿಎಚ್‌ಡಿ ಹುಡುಗ. ಕಾರೂ ಅವನದೇ, ಪಕ್ಕದ ಸಂಡರ್‌ಲ್ಯಾಂಡ್ ಕಾರ್ಖಾನೆಯಲ್ಲಿ ತಯಾರಾದ ಹಳೇ ನಿಸಾನ್ ಮೈಕ್ರಾ. ವಿಮೆಯಲ್ಲಿ ಮೇಷ್ಟ್ರ ಹೆಸರು ಸೇರಿಸಲು ದುಡ್ಡನ್ನೂ ಅವನೇ ಕೊಟ್ಟ. ತನ್ನನ್ನು ಅಪಹರಿಸುವವನಿಗೆ ಇನ್ಶೂರೆನ್ಸ್ ಮಾಡಿಸಿದ ಮನುಷ್ಯ ಇವನೊಬ್ಬನೇ ಇರಬೇಕು.

ಚಿತ್ರಕಥೆಯಲ್ಲಿ ಅವನು ಡಿಕ್ಕಿಯೊಳಗೆ ಬಿದ್ದಿರಬೇಕಿತ್ತು. ಮೇಲ್ವಿಚಾರಕ ಡಿಕ್ಕಿಯಲ್ಲಿ ಮಲಗುವ ಹಾಗಿಲ್ಲವಲ್ಲ. ಹೋಗಲಿ, ಮುಂದಿನ ಸೀಟಿನಲ್ಲೇ ಕೂರಿಸಿ ಕೈಯಾದರೂ ಕಟ್ಟೋಣ ಅಂದೆ. ತುರ್ತು ಬಂದರೆ ಸ್ಟೇರಿಂಗ್ ಹಿಡಿಯಬೇಕಾದವನ ಕೈ ಕಟ್ಟುತ್ತೀಯಾ ಎಂದು ನಿರ್ಮಾಪಕಿ ಕಣ್ಣು ಬಿಟ್ಟಳು. ಹಗ್ಗವನ್ನು ಮಣಿಕಟ್ಟಿನ ಮೇಲೆ ಸುಮ್ನೆ ಇಟ್ಟೆವು. ಸೀಟ್ ಬೆಲ್ಟ್ ಇಬ್ಬರಿಗೂ.

ಹೀಗೆ ಎಲ್ ಬೋರ್ಡ್ ಹಾಕಿಕೊಂಡ ಮೈಕ್ರಾದಲ್ಲಿ ಭೂಗತ ಲೋಕದ ದೊರೆ ಗಂಟೆಗೆ 18 ಮೈಲಿ ವೇಗದಲ್ಲಿ ಹೊರಟರು. ಸೈಕಲ್ಲಿನವರು ಹಿಂದಿಕ್ಕಿ ಹೋದರು. ಒಳಗಿನ ಮೈಕಿನಲ್ಲಿ ದಾಖಲಾದ ಸಂಭಾಷಣೆ ನಾನು ಬರೆದದ್ದಲ್ಲ. "ನಾಳೆ ಬೆಳಗ್ಗೆಯೊಳಗೆ ದುಡ್ಡು ಬರಬೇಕು" ಎಂದು ಗೂಂಡಾ ಗುಡುಗಿದರೆ, "ಕನ್ನಡಿ ನೋಡಿ. ಇಂಡಿಕೇಟರ್. ಈಗ ನಿಧಾನವಾಗಿ ತಿರುಗಿಸಿ, ಚೆನ್ನಾಗಿದೆ" ಎಂದು ಅಪಹೃತ ಹುರಿದುಂಬಿಸುತ್ತಿದ್ದ. ರೌಂಡ್‌ಅಬೌಟ್‌ನಲ್ಲಿ ಹೊರಬರಲು ಧೈರ್ಯ ಬಾರದೆ ಸುತ್ತುತ್ತಲೇ ಇದ್ದರು. ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದ ಕ್ಯಾಮೆರಾಮನ್ನಿಗೆ ತಲೆ ತಿರುಗಿತು.

ಕತ್ತಲ ಲೋಕದ ಕಥೆಗೆ ಕತ್ತಲೆಯೂ ಬೇಕಲ್ಲ, ಅದೂ ಸಿಗಲಿಲ್ಲ. ಜೂನ್‌ನಲ್ಲಿ ನ್ಯೂಕಾಸಲ್‌ನ ಸೂರ್ಯ ಮುಳುಗುವುದು ರಾತ್ರಿ 9.45ರ ಹೊತ್ತಿಗೆ, ಮತ್ತೆ ಹುಟ್ಟುವುದು ನಾಲ್ಕೂವರೆಗೆ. ಮಧ್ಯೆ ಇರುವುದನ್ನು ರಾತ್ರಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹನ್ನೊಂದಕ್ಕೆ ಆಕಾಶ ಒಂದಿಷ್ಟು ಕಪ್ಪಾಗುತ್ತಿದ್ದಂತೆ ಮೇಷ್ಟ್ರು ಗಡಿಯಾರ ನೋಡಿ ಕೊನೆಯ ಮೆಟ್ರೋ ಹಿಡಿಯಬೇಕು ಅನ್ನುತ್ತಿದ್ದರು. ಒಂದು ರಾತ್ರಿ ಮಳೆ ಬಂತು. ಕ್ರೈಮ್ ಸಿನಿಮಾಗೆ ಮಳೆ ಬಂದರೆ ಹಬ್ಬ ಅಂತ ಎಲ್ಲರೂ ನೆನೆದು ಶೂಟ್ ಮಾಡಿದೆವು. ಹಿಂದಿನಿಂದ ಲೈಟ್ ಬೀಳದಿದ್ದರೆ ಮಳೆ ಕ್ಯಾಮೆರಾದಲ್ಲಿ ಕಾಣುವುದೇ ಇಲ್ಲ. ಪರದೆಯ ಮೇಲೆ ಕಂಡದ್ದು ಕಾರಣವಿಲ್ಲದೆ ಒದ್ದೆಯಾದ ಇಬ್ಬರು ಗಂಡಸರು.

ಇಷ್ಟೆಲ್ಲ ಆದರೂ ಕ್ಲೈಮ್ಯಾಕ್ಸ್ ಮೇಲೆ ನಂಬಿಕೆ ಇತ್ತು. 1928ರಲ್ಲಿ ತೆರೆದ ಟೈನ್ ಬ್ರಿಡ್ಜ್ ಕೆಳಗೆ ನಿಂತು ಗೂಂಡಾ ಬ್ಯಾಟ್ ಎತ್ತಬೇಕು. ಫುಟ್ಬಾಲ್ ಊರಿನ ಮೇಷ್ಟ್ರು ಬ್ಯಾಟನ್ನು ದೊಣ್ಣೆ ಹಿಡಿದ ಹಾಗೆ ಹಿಡಿದರು. ಕರ್ನಾಟಕದವನಾಗಿ ಅದನ್ನು ನೋಡಿಕೊಂಡು ಇರಲು ಆಗುತ್ತದಾ? ಹಿಡಿತ ತಿದ್ದಿದೆ. ಎಡ ಮೊಣಕೈ ಎತ್ತಿ, ತಲೆ ನೆಟ್ಟಗಿಡಿ ಎಂದೆ. ಮೇಷ್ಟ್ರು ಒಳ್ಳೇ ವಿದ್ಯಾರ್ಥಿ, ಬೇಗ ಕಲಿತರು. ಅಲ್ಲಿಂದ ಮುಂದೆ ಅವರು ಯಾವ ಶಾಟ್‌ನಲ್ಲೂ ಯಾರಿಗೂ ಹೊಡೆಯುವವರಂತೆ ಕಾಣಲಿಲ್ಲ. ದ್ರಾವಿಡ್ ಹಾಗೆ ದಿನವಿಡೀ ವಿಕೆಟ್ ಕಾಯುವವರಂತೆ ಕಂಡರು.

ಆ ಸೇತುವೆಯಲ್ಲಿ ಬೇಸಿಗೆ ತುಂಬಾ ಕಿಟ್ಟಿವೇಕ್ ಹಕ್ಕಿಗಳು ಗೂಡು ಕಟ್ಟುತ್ತವೆ. ಕಡಲ ಬಂಡೆಗಳ ಹಕ್ಕಿಗಳು. ಸಮುದ್ರದಿಂದ ಇಷ್ಟು ಒಳನಾಡಿಗೆ ಬಂದು ಸಂಸಾರ ಹೂಡುವ ಕಿಟ್ಟಿವೇಕ್‌ಗಳು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದು ಊರವರಿಗೆ ಹೆಮ್ಮೆ. ನೂರಾರು ಹಕ್ಕಿಗಳು ಒಟ್ಟಿಗೆ ತಮ್ಮ ಹೆಸರನ್ನೇ ಕಿರುಚುತ್ತವೆ. ನನ್ನ ಕಿವಿಗೆ ಅದು ಅಜ್ಜಿ ಹಿತ್ತಲಲ್ಲಿ ನಿಂತು ಕಿಟ್ಟಿ ಮಾವನನ್ನು ಊಟಕ್ಕೆ ಕೂಗಿದ ಹಾಗೆ ಕೇಳಿಸುತ್ತಿತ್ತು. "ಇದು ಕೊನೆಯ ಎಚ್ಚರಿಕೆ" ಎಂದು ಗೂಂಡಾ ಪಿಸುಗುಟ್ಟಿದರೆ ಮೇಲಿಂದ "ಕಿಟ್ಟೀ, ಕಿಟ್ಟೀ!" ಸೌಂಡ್ ಹುಡುಗ ಹೆಡ್‌ಫೋನ್ ತೆಗೆದು ನೆಲದ ಮೇಲಿಟ್ಟು ಸ್ವಲ್ಪ ಹೊತ್ತು ನದಿ ನೋಡುತ್ತಾ ನಿಂತ. ಡಬ್ಬಿಂಗ್ ಮಾಡೋಣ ಅಂದರೆ ಮೇಷ್ಟ್ರು ಮೊಮ್ಮಗಳನ್ನು ನೋಡಲು ಸ್ಪೇನ್‌ಗೆ ಹೊರಟಿದ್ದರು.

ಪ್ರದರ್ಶನದ ದಿನ ಎಲ್ ಬೋರ್ಡ್ ಕಂಡ ಕೂಡಲೇ ಸಭಾಂಗಣ ನಗಲು ಶುರು ಮಾಡಿದ್ದು ಕೊನೆಯವರೆಗೂ ನಿಲ್ಲಿಸಲಿಲ್ಲ. ಬ್ಯಾಟ್ ಎತ್ತಿದಾಗ ಒಬ್ಬರು ಚಪ್ಪಾಳೆ ತಟ್ಟಿದರು. ಪ್ರೊಫೆಸರ್ ಮಾತ್ರ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಅಂಕಪಟ್ಟಿಯ ಜೊತೆ ಟಿಪ್ಪಣಿ ಬಂತು: ನಟನೆ ಪರವಾಗಿಲ್ಲ, ಬೆಳಕು ಸಾಧಾರಣ, ಆದರೆ ಹಕ್ಕಿಗಳ ಕೂಗನ್ನು ಖಳನ ಪಾಪಪ್ರಜ್ಞೆಗೆ ಸಂಕೇತವಾಗಿ ಬಳಸಿದ ರೀತಿ ಅಪರೂಪದ್ದು. ಸೌಂಡ್ ಹುಡುಗ ಆ ವಾಕ್ಯವನ್ನು ಹಾಗೇ ತನ್ನ ರೆಸ್ಯೂಮೆಗೆ ಹಾಕಿಕೊಂಡ. ಅದನ್ನು ನೋಡಿಯೇ ಅವನಿಗೆ ಮೊದಲ ಕೆಲಸ ಸಿಕ್ಕಿತು, ಒಂದು ವನ್ಯಜೀವಿ ಸಾಕ್ಷ್ಯಚಿತ್ರದಲ್ಲಿ.