ಒಗ್ಗರಣೆ ಬಿಟ್ಟು ಸಲಾಡ್ ಹಿಡಿದ ಹೊಟ್ಟೆ

ಜರ್ಮನಿಯಲ್ಲಿ ನೆಲೆಸಿದ ಕನ್ನಡಿಗರು ತೂಕ ಇಳಿಸಲು ಹೊರಟರೆ ಮೊದಲು ಬಿಡುವುದು ಅನ್ನ. ಎರಡನೆಯದು ಒಗ್ಗರಣೆ, ಎಣ್ಣೆ ಇದೆಯಲ್ಲ ಅಂತ. ಅವುಗಳ ಜಾಗಕ್ಕೆ ಬೆಳಿಗ್ಗೆ ಮ್ಯೂಸ್ಲಿ, ಮಧ್ಯಾಹ್ನ ಹಸಿ ಎಲೆಕೋಸಿನ ಸಲಾಡ್, ರಾತ್ರಿ ರೈ ಬ್ರೆಡ್ಡು, ಜೊತೆಗೆ ಮಾಗರ್‌ಕ್ವಾರ್ಕ್, ಅಂದರೆ ಕೆನೆ ತೆಗೆದ ಹಾಲಿನ ಗಟ್ಟಿ ಮೊಸರಿನಂಥದ್ದು. ನಾಲ್ಕನೇ ದಿನಕ್ಕೆ ಹೊಟ್ಟೆ ತಮಟೆ. ಆಮೇಲೆ ಶುರು: 'ಈ ದೇಶದ ಊಟ ನಮಗೆ ಆಗಿಬರಲ್ಲ.'

ನನಗೆ ಹಾಗನ್ನಿಸುವುದಿಲ್ಲ. ಊಟವನ್ನು ಅರಗುವಂತೆ ಮಾಡುವ ಉಪಾಯ ಎರಡೂ ಅಡುಗೆಗಳಲ್ಲಿವೆ. ಡಯಟ್ ಹಿಡಿದವರು ನಮ್ಮ ಉಪಾಯವನ್ನು ಬಿಟ್ಟಿರುತ್ತಾರೆ, ಇಲ್ಲಿನದನ್ನು ಕಲಿತಿರುವುದಿಲ್ಲ.

ಬ್ರೆಡ್ಡನ್ನೇ ನೋಡಿ. ಬಿಳಿ ಅನ್ನದ ಪಿಷ್ಟ ಸಣ್ಣ ಕರುಳಿನಲ್ಲೇ ಹೆಚ್ಚುಕಡಿಮೆ ಪೂರ್ತಿ ಜೀರ್ಣವಾಗುತ್ತದೆ. 100 ಗ್ರಾಂ ಅನ್ನದಲ್ಲಿ 1 ಗ್ರಾಂ ನಾರೂ ಇಲ್ಲ. ಅಷ್ಟೇ ತೂಕದ ಇಡೀ ರೈ ಕಾಳಿನ ಬ್ರೆಡ್ಡಿನಲ್ಲಿ ಸುಮಾರು 8 ಗ್ರಾಂ. ಜೊತೆಗೆ ರೈ, ಗೋಧಿಗಳಲ್ಲಿ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿಗಳಿವೆ. ಅವನ್ನು ಕತ್ತರಿಸುವ ಕಿಣ್ವ ಮನುಷ್ಯರಿಗಿಲ್ಲ. ಅವು ನೇರ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗಿ ಗ್ಯಾಸ್ ಆಗುತ್ತವೆ. ರಾಗಿಹಿಟ್ಟಿನಲ್ಲಿ ನೂರಕ್ಕೆ 11 ಗ್ರಾಂ ನಾರಿದ್ದರೂ ಮುದ್ದೆ ಸಾಮಾನ್ಯವಾಗಿ ಇಷ್ಟು ಉಬ್ಬರಿಸುವುದಿಲ್ಲ, ಏಕೆಂದರೆ ಆ ನಾರಿನ ಬಹುಪಾಲು ನೀರಿನಲ್ಲಿ ಕರಗದ್ದು, ಅಷ್ಟು ಬೇಗ ಹುದುಗದ್ದು.

ಇದಕ್ಕೆ ಜರ್ಮನ್ನರ ಉತ್ತರ ಹುಳಿ ಹಿಟ್ಟು. ಸ್ಟುಟ್‌ಗಾರ್ಟಿನ ಹೋಹನ್‌ಹೈಮ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದಂತೆ, ಒಂದು ಗಂಟೆ ಉಬ್ಬಿದ ಗೋಧಿ ಹಿಟ್ಟಿಗಿಂತ ನಾಲ್ಕೂವರೆ ಗಂಟೆ ಬಿಟ್ಟ ಹಿಟ್ಟಿನಲ್ಲಿ ಈ ಸಕ್ಕರೆಗಳು ತೀರಾ ಕಡಿಮೆ. ರಾತ್ರಿಯಿಡೀ ದೋಸೆ ಹಿಟ್ಟು ಹುದುಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೂಪರ್‌ಮಾರ್ಕೆಟ್ಟಿನ ಪೊಟ್ಟಣ ಬಿಟ್ಟು, ಬೇಕರಿಯಲ್ಲಿ 'ಹಿಟ್ಟು ಎಷ್ಟು ಹೊತ್ತು ನಿಂತಿತ್ತು' ಅಂತ ಕೇಳಿ ಕೊಳ್ಳಿ. ಬೇಸರಪಡುವುದಿಲ್ಲ, ಹೆಮ್ಮೆಯಿಂದಲೇ ಹೇಳುತ್ತಾರೆ.

ಕೋಸಿನ ಕಥೆಯೂ ಅದೇ. ಜರ್ಮನ್ ಅಜ್ಜಿಯರು ಕೋಸನ್ನು ಕ್ಯುಮ್ಮೆಲ್, ಅಂದರೆ ಜೀರಿಗೆಯನ್ನು ಹೋಲುವ ಕ್ಯಾರವೇ ಕಾಳು, ಹಾಕದೆ ಬೇಯಿಸುವುದು ಕಡಿಮೆ. ಮಕ್ಕಳ ಹೊಟ್ಟೆನೋವಿಗೆ ಇಲ್ಲಿನ ಮದ್ದು ಸೋಂಪು, ಅನಿಸ್, ಕ್ಯುಮ್ಮೆಲ್ ಮೂರನ್ನೂ ಕುದಿಸಿದ ಕಷಾಯ. ನಮ್ಮ ಜೀರಿಗೆ, ಓಮ, ಇಂಗು, ಅವರ ಕ್ಯುಮ್ಮೆಲ್ ಎಲ್ಲ ಸಸ್ಯಶಾಸ್ತ್ರದಲ್ಲಿ ಕೊತ್ತಂಬರಿಯ ಕುಟುಂಬದವೇ. ಮಾತುಕತೆಯಿಲ್ಲದೆ ಎರಡು ನಾಡಿನ ಅಡುಗೆಮನೆಗಳು ಒಂದೇ ಗಿಡದ ಬಳಗಕ್ಕೆ ಬಂದು ಮುಟ್ಟಿವೆ. ಡಯಟ್ಟಿನ ಸಲಾಡಿನಲ್ಲಿ ಮಾತ್ರ ಕೋಸು ಹಸಿ, ಕ್ಯುಮ್ಮೆಲ್ಲೂ ಇಲ್ಲ, ಇಂಗೂ ಇಲ್ಲ. ಹೆಚ್ಚಿದ ಕೋಸನ್ನು ಐದು ನಿಮಿಷ ಹಬೆಯಲ್ಲಿ ಬಾಡಿಸಿದರೂ ಎಷ್ಟೋ ವಾಸಿ.

ಕ್ವಾರ್ಕ್ ವಿಷಯದಲ್ಲಿ ಎಡವಟ್ಟಾಗುವುದು ಅಳತೆಯಲ್ಲಿ. 100 ಗ್ರಾಮಿಗೆ 12 ಗ್ರಾಂ ಪ್ರೊಟೀನು ಸಿಗುತ್ತದೆ ಅಂತ ಅರ್ಧ ಕೆಜಿ ಡಬ್ಬಿಯನ್ನು ಒಂದೇ ಸಲ ಮುಗಿಸುವವರಿದ್ದಾರೆ. ಅದರಲ್ಲಿ ಸುಮಾರು 20 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಹಾಲು ಸರಿಯಾಗಿ ಅರಗದವರಲ್ಲೂ ಹೆಚ್ಚಿನವರು ಒಂದು ಸಲಕ್ಕೆ ತಡೆದುಕೊಳ್ಳುವುದು ಸುಮಾರು 12 ಗ್ರಾಂ. ನಮ್ಮ ಮಜ್ಜಿಗೆಯ ಲೋಟಕ್ಕೆ 50 ಗ್ರಾಂ ಮೊಸರು ಹಾಕಿದರೆ ಲ್ಯಾಕ್ಟೋಸ್ 2 ಗ್ರಾಂ ಆಸುಪಾಸು. ಕ್ವಾರ್ಕನ್ನು 150 ಗ್ರಾಮಿನಂತೆ ಹಂಚಿ ತಿನ್ನಿ, ಅಥವಾ ಲ್ಯಾಕ್ಟೋಸ್ ತೆಗೆದದ್ದನ್ನು ತನ್ನಿ.

ಒಂದು ವಿಷಯದಲ್ಲಿ ಯುರೋಪಿನ ಪದ್ಧತಿಯೇ ಮೇಲು: ಚೀಟಿ. ಮಾಲ್ಟಿಟಾಲ್, ಸಾರ್ಬಿಟಾಲ್‌ನಂಥ ಸಿಹಿಕಾರಕ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸೇರಿಸಿದ ತಿನಿಸಿನ ಮೇಲೆ 'ಅತಿಯಾದರೆ ಭೇದಿಯಾಗಬಹುದು' ಅಂತ ಬರೆಯಲೇಬೇಕು, ಕಾನೂನು. 'ಸಕ್ಕರೆ ಇಲ್ಲ' ಎಂಬ ದೊಡ್ಡಕ್ಷರ ಓದಿದವರು ಈ ಸಣ್ಣಕ್ಷರವನ್ನೂ ಓದಬೇಕು. ಪ್ರೊಟೀನ್ ಬಾರ್‌ನಲ್ಲಿ 'ಚಿಕೋರಿ ನಾರು' ಅಂತ ಕಂಡರೆ ಅದು ಇನುಲಿನ್. ನಮ್ಮ ಕಾಫಿಪುಡಿಗೆ ಬೆರೆಸುವ ಬೇರಿನಿಂದಲೇ ತೆಗೆದದ್ದು, ಇದೂ ಫ್ರಕ್ಟಾನೇ. ದಿನಕ್ಕೆ 10 ಗ್ರಾಂ ದಾಟಿದರೆ ಬಹಳ ಜನರಿಗೆ ಹೊಟ್ಟೆ ಗುಡುಗುಡು.

ರಾತ್ರಿಯೂಟದ ಹೊತ್ತನ್ನೂ ಇವರಿಂದ ಕಲಿಯಬಹುದು. ಆರೂವರೆ ಏಳಕ್ಕೆ ತಣ್ಣನೆಯ ಊಟ ಮುಗಿಸಿ ಹತ್ತಕ್ಕೆ ಮಲಗುವವರಿಗೆ ನಡುವೆ ಮೂರು ಗಂಟೆ ಸಿಗುತ್ತದೆ. ಎದೆಯುರಿ, ಹುಳಿತೇಗು ಇರುವವರಿಗೆ ವೈದ್ಯರು ಹೇಳುವ ಅಂತರವೂ ಅದೇ. ಒಂಬತ್ತೂವರೆಗೆ ಉಂಡು, ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆ-ಜೇನು ನೀರು ಕುಡಿದು, ಮೇಲೆ ಕಾಫಿ ಹಾಕುವ ನಮ್ಮ ತೂಕ ಇಳಿಸುವ ಕ್ರಮಕ್ಕೆ ನಾನಂತೂ ವಕಾಲತ್ತು ವಹಿಸುವುದಿಲ್ಲ.

ಮೊಳಕೆಕಾಳಿನಲ್ಲೂ ನಾವು ತಪ್ಪುತ್ತೇವೆ. ಕೋಸಂಬರಿ ಎಲೆಯ ತುದಿಗೆ ಎರಡು ಚಮಚ ಬಡಿಸುವಂಥದ್ದು, ಅದೂ ಸಿಪ್ಪೆ ತೆಗೆದ ಹೆಸರುಬೇಳೆಯದು. ಸಿಪ್ಪೆ ಸಮೇತದ ಹಸಿ ಮೊಳಕೆಯನ್ನು ಬಟ್ಟಲುಗಟ್ಟಲೆ ತಿಂದು ಅದನ್ನೇ ಊಟ ಎಂದರೆ ಲೆಕ್ಕವೇ ಬೇರೆ. ಕಾಳನ್ನು 8ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿಗೆ ಹಿಸುಕುವಷ್ಟು ಬೇಯಿಸಿ. ವಾಯು ತರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು ಒಂದಷ್ಟು ನೆನೆಸಿದ ನೀರಿನ ಜೊತೆಗೇ ಹೋಗುತ್ತವೆ. ಮೊದಲ ವಾರ ದಿನಕ್ಕೆ ಕಾಲು ಬಟ್ಟಲು ಬೆಂದ ಕಾಳು ಸಾಕು. ಜರ್ಮನಿಯ ಪೌಷ್ಟಿಕತಾ ಸಂಘ ಹೇಳುವ ದಿನಕ್ಕೆ 30 ಗ್ರಾಂ ನಾರಿಗೆ ಒಂದೇ ದಿನ ಹಾರಬೇಡಿ, ವಾರಕ್ಕೆ 5 ಗ್ರಾಂನಂತೆ ಏರಿಸಿ. ಇಸಬ್ಗೋಲು ತೆಗೆದುಕೊಳ್ಳುವವರು ಒಂದು ಟೀ ಚಮಚಕ್ಕೆ ಒಂದು ದೊಡ್ಡ ಲೋಟ ನೀರು ಕುಡಿಯಲೇಬೇಕು. ನೀರು ಕಡಿಮೆಯಾದರೆ ಮಲಬದ್ಧತೆ ಹೆಚ್ಚುತ್ತದೆ.

ಇನ್ನು ಒಗ್ಗರಣೆ. ಎರಡು ಟೀ ಚಮಚ ಎಣ್ಣೆ ಅಂದರೆ 9 ಗ್ರಾಂ, 80 ಕ್ಯಾಲೊರಿ. ಇಷ್ಟನ್ನು ಉಳಿಸಲು ಹೋಗಿ ಕೊಬ್ಬನ್ನೇ ಬಿಟ್ಟರೆ ಪಿತ್ತಕೋಶ ಸರಿಯಾಗಿ ಖಾಲಿಯಾಗುವುದಿಲ್ಲ, ಪಿತ್ತರಸ ಅಲ್ಲೇ ಗಟ್ಟಿಯಾಗುತ್ತದೆ. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿಯುವವರಿಗೆ ಪಿತ್ತಕಲ್ಲಿನ ಅಪಾಯ ಹೆಚ್ಚು. ದಿನದ ಒಂದು ಊಟದಲ್ಲಾದರೂ 7ರಿಂದ 10 ಗ್ರಾಂ ಕೊಬ್ಬು ಬೇಕು, ಅದು ಹೆಚ್ಚುಕಡಿಮೆ ಒಂದು ಒಗ್ಗರಣೆಯ ಎಣ್ಣೆ. ಉಂಡ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದು ಹಿಂಡುವ ನೋವು ಬಂದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಹೋಗಿ. ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ಮೂರು ನಾಲ್ಕು ವಾರವಾದರೂ ನಿಲ್ಲದ ಭೇದಿ ಇದ್ದರೂ ಅಷ್ಟೇ.

ಗೋಧಿಯೇ ಆಗುತ್ತಿಲ್ಲ ಎಂಬ ಅನುಮಾನವಿದ್ದರೆ, ಗೋಧಿ ತಿನ್ನುತ್ತಿರುವಾಗಲೇ ಸೀಲಿಯಾಕ್, ಅಂದರೆ ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿ. ಬಿಟ್ಟು ತಿಂಗಳುಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ಕಾಯಿಲೆ ಇದೆ ಎಂದು ತಿಳಿದ ಮೇಲೆ ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ. ಅಂಗಡಿಯ ಇಂಗುಪುಡಿಗೆ ಎಷ್ಟೋ ಸಲ ಗೋಧಿಹಿಟ್ಟನ್ನೇ ಬೆರೆಸಿರುತ್ತಾರೆ.